ಟಿಕೆಟ್ಟಿನಿಂದ ಉಳಿಯದ ಹವಳ

'ಪ್ರವಾಸಿಗರು ಬಂದರೆ ಪ್ರಕೃತಿ ಉಳಿಯುತ್ತದೆ' ಎಂಬ ಮಾತು ಈಗ ಎಲ್ಲೆಡೆ ಮಂತ್ರದಂತೆ ಕೇಳಿಬರುತ್ತಿದೆ. ಕಾಡಿರಲಿ, ಜಲಪಾತವಿರಲಿ, ಕಡಲಿರಲಿ, ನೋಡಬಂದವರು ಶುಲ್ಕ ತೆರುತ್ತಾರೆ, ಆ ಹಣದಿಂದ ರಕ್ಷಣೆ ನಡೆಯುತ್ತದೆ ಎಂಬುದು ವಾದ. ಯಾವುದೇ ವಾದವನ್ನು ಅದರ ಅತ್ಯುತ್ತಮ ಉದಾಹರಣೆಯ ಮೇಲೆಯೇ ಒರೆಗೆ ಹಚ್ಚುವುದು ನ್ಯಾಯ. ಈ ವಾದದ ಮಟ್ಟಿಗೆ ಅಂಥ ಉದಾಹರಣೆ ಕೆರಿಬಿಯನ್ ಸಮುದ್ರದ ಬೊನೈರ್ ದ್ವೀಪ.

ವೆನೆಜುವೆಲಾದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಈ ಒಣ ದ್ವೀಪ 2010ರಿಂದ ನೆದರ್‌ಲೆಂಡ್ಸ್‌ನ ವಿಶೇಷ ಪುರಸಭೆಯಾಗಿದೆ. ಇಲ್ಲಿ ಹವಳದ ದಿಬ್ಬಗಳು ದಡಕ್ಕೆ ಅಂಟಿಕೊಂಡಂತೆಯೇ ಬೆಳೆದಿವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರು ದೋಣಿಯ ಹಂಗಿಲ್ಲದೆ ದಡದಿಂದ ನಡೆದೇ ನೀರಿಗಿಳಿಯಬಹುದು. ಸ್ಕೂಬಾ ಡೈವಿಂಗ್ ಈ ದ್ವೀಪದ ಜೀವನೋಪಾಯವಾದದ್ದು ಹೀಗೆ.

ಬೊನೈರ್ ತನ್ನ ಸಂಪತ್ತನ್ನು ಅಸಡ್ಡೆಯಿಂದ ಕಂಡ ದ್ವೀಪವಲ್ಲ ಎಂಬುದನ್ನು ಮೊದಲೇ ಹೇಳಬೇಕು. 1971ರಲ್ಲಿಯೇ ಅಲ್ಲಿ ಈಟಿ ಹೊಡೆದು ಮೀನು ಹಿಡಿಯುವುದನ್ನು ನಿಷೇಧಿಸಲಾಯಿತು. 1975ರಲ್ಲಿ ಹವಳ ಕೀಳುವುದನ್ನು. 1979ರಲ್ಲಿ ದ್ವೀಪದ ಸುತ್ತ 60 ಮೀಟರ್ ಆಳದವರೆಗಿನ ಕಡಲು ಸಂರಕ್ಷಿತ ಉದ್ಯಾನವಾಯಿತು. ಹವಳದ ಮೇಲೆ ಲಂಗರು ಬೀಳದಂತೆ ದೋಣಿ ಕಟ್ಟಲು ತೇಲುಬುರುಡೆಗಳನ್ನು ನೆಟ್ಟರು. ಕೈಗವಸು ಇದ್ದರೆ ಮುಟ್ಟುವ ಆಸೆಯಾದೀತೆಂದು ಅದನ್ನೂ ನಿಷೇಧಿಸಿದರು. 1992ರಿಂದ ಪ್ರತಿ ಮುಳುಗುಗಾರನಿಂದ ಹತ್ತು ಡಾಲರ್ ಶುಲ್ಕ ಪಡೆದು ಉದ್ಯಾನದ ಖರ್ಚನ್ನು ನಿಭಾಯಿಸಿದರು. ಜಗತ್ತಿನ ಸಂರಕ್ಷಣಾ ಪಾಠಗಳಲ್ಲಿ ಬೊನೈರ್ ಮಾದರಿಯಾಯಿತು. ಇಷ್ಟಾದರೂ ಅಲ್ಲಿನ ಹವಳ ಸೊರಗುತ್ತಿದೆ. ಏಕೆ?

ಹವಳವು ಕಲ್ಲಲ್ಲ, ಗಿಡವಲ್ಲ, ಅದು ಪ್ರಾಣಿ. ಪಾಲಿಪ್ ಎಂಬ ಮೃದುಜೀವಿ ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಉಣಿಸುತ್ತದೆ. ಗುಂಡುಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಅಂದರೆ ಕಾಲಿನ ರೆಕ್ಕೆಯ ಒಂದು ಅಜಾಗರೂಕ ಬೀಸು ದಶಕಗಳ ದುಡಿಮೆಯನ್ನು ಮುರಿಯಬಲ್ಲದು. ಒಂದು ತಾಣ ವರ್ಷಕ್ಕೆ ನಾಲ್ಕರಿಂದ ಆರು ಸಾವಿರ ಮುಳುಗುಗಳಿಗಿಂತ ಹೆಚ್ಚನ್ನು ತಾಳಲಾರದೆಂದು 1993ರಲ್ಲಿ ಪ್ರಕಟವಾದ ಬೊನೈರ್ ಅಧ್ಯಯನ ಅಂದಾಜಿಸಿತ್ತು. ಜನ ಹೆಚ್ಚು ಮುಳುಗುವ ತಾಣಗಳಲ್ಲಿ ಹಳೆಯ ಗುಂಡುಹವಳಗಳು ಹೆಚ್ಚು ಕುಗ್ಗಿವೆಯೆಂದು 1999ರ ಮತ್ತೊಂದು ಅಧ್ಯಯನ ತೋರಿಸಿತು. ನೋಟಕ್ಕೂ ಭಾರವಿದೆ.

ಆದರೆ ಇದು ಸಣ್ಣ ಸಂಗತಿ. ದೊಡ್ಡ ಸಂಗತಿಗಳು ಟಿಕೆಟ್ ಕಟ್ಟೆಯ ಮುಂದೆ ನಿಲ್ಲುವುದೇ ಇಲ್ಲ. 1983-84ರಲ್ಲಿ ಕೆರಿಬಿಯನ್‌ನಾದ್ಯಂತ ಉದ್ದ ಕರಿಮುಳ್ಳಿನ ಸೀ ಅರ್ಚಿನ್‌ಗಳು ರೋಗದಿಂದ ಸಾಮೂಹಿಕವಾಗಿ ಸತ್ತವು. ಹವಳದ ಮೇಲಿನ ಪಾಚಿಯನ್ನು ಮೇಯುತ್ತಿದ್ದ ದನಗಾಹಿಯಿಲ್ಲದ ಮಂದೆ ಅದು. ಮೇಯುವವರು ಹೋದ ಮೇಲೆ ಉಳಿದವು ಗಿಳಿಮೀನುಗಳು. ಅವನ್ನು ಹಿಡಿಯುವುದನ್ನು ಬೊನೈರ್ ನಿಷೇಧಿಸಿದ್ದು 2010ರಲ್ಲಿ.

ಇನ್ನು ದಡದ ಮೇಲಿನ ಕತೆ. ಕೃಷಿ ವಿಜ್ಞಾನ ಓದಿದ ನನಗೆ ಇದೇ ಮುಖ್ಯವಾಗಿ ಕಾಣುತ್ತದೆ. ಬಿಡಾಡಿ ಆಡುಗಳು ಬೊನೈರ್‌ನ ಕುರುಚಲು ಹಸಿರನ್ನು ಮೇಯ್ದು ನೆಲವನ್ನು ಬೋಳಾಗಿಸಿವೆ. ಮಳೆ ಬಿದ್ದಾಗ ಮೇಲ್ಮಣ್ಣು ಕಡಲಿಗಿಳಿದು ಹವಳದ ಮೈಮುಚ್ಚುತ್ತದೆ, ಬಿಸಿಲನ್ನು ತಡೆಯುತ್ತದೆ. ಶೌಚಗುಂಡಿಗಳ ಕೊಳಚೆ ಸುಣ್ಣಕಲ್ಲಿನ ನೆಲದ ಮೂಲಕ ಕಡಲಿಗೆ ಜಿನುಗುತ್ತದೆ. ಗದ್ದೆಗೆ ಗೊಬ್ಬರವಾಗುವ ಸಾರಜನಕವೇ ಅಲ್ಲಿ ಪಾಚಿಯನ್ನು ಕೊಬ್ಬಿಸಿ ಹವಳವನ್ನು ಉಸಿರುಗಟ್ಟಿಸುತ್ತದೆ. ಪ್ರವಾಸಿಗರು ಹೆಚ್ಚಿದಂತೆ ಹೋಟೆಲು ಹೆಚ್ಚುತ್ತದೆ, ಹೋಟೆಲು ಹೆಚ್ಚಿದಂತೆ ಕೊಳಚೆ ಹೆಚ್ಚುತ್ತದೆ. ಒಂದು ಕೈಯಲ್ಲಿ ಶುಲ್ಕ, ಇನ್ನೊಂದು ಕೈಯಲ್ಲಿ ವಿಷ!

ಎಲ್ಲಕ್ಕಿಂತ ಮಿಗಿಲಾದದ್ದು ತಾಪ. ಸಮುದ್ರದ ನೀರು ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ತನ್ನ ಮೈಯೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ, ತಾಪ ಇಳಿಯದಿದ್ದರೆ ಹಸಿವಿನಿಂದ ಸಾಯಲೂಬಹುದು. ಬೊನೈರ್‌ನಲ್ಲಿ 2010ರಲ್ಲಿ ಹೀಗಾಯಿತು, 2023ರಲ್ಲಿ ಮತ್ತೆ ಆಯಿತು. ಫ್ಲಾರಿಡಾದಲ್ಲಿ 2014ರಲ್ಲಿ ಮೊದಲು ಕಂಡಿದ್ದ ಹವಳದ ಅಂಗಾಂಶ ಕರಗಿಸುವ ರೋಗವೂ ಅದೇ 2023ರಲ್ಲಿ ದ್ವೀಪವನ್ನು ತಲುಪಿತು. ಮುಳುಗುಗಾರರು ಸಲಕರಣೆಗಳನ್ನು ಸೋಂಕುನಾಶಕದಲ್ಲಿ ತೊಳೆಯಬೇಕಾಯಿತು. ವಿಮಾನವೇರಿ ಬಂದು ಹವಳವನ್ನು ಕೊಂಡಾಡುವವನು ಅದೇ ವಿಮಾನದ ಹೊಗೆಯಿಂದ ಆ ಕಡಲನ್ನು ಕಾಯಿಸಿರುತ್ತಾನೆ. ಅವನು ತೆತ್ತ ಡಾಲರ್ ಕಾವಲುಗಾರನಿಗೆ ಸಂಬಳವಾದೀತು. ಕಡಲನ್ನು ತಂಪು ಮಾಡೀತೇ? ದ್ವೀಪವಾಸಿಗಳಿಗೆ ಇದು ಅರ್ಥವಾಗಿದೆ. ಅವರಲ್ಲಿ ಕೆಲವರು ಗ್ರೀನ್‌ಪೀಸ್ ಸಂಸ್ಥೆಯೊಡನೆ 2024ರಲ್ಲಿ ಹೇಗ್ ನಗರದ ನ್ಯಾಯಾಲಯದ ಮೆಟ್ಟಿಲೇರಿ, ಹವಾಮಾನ ಬದಲಾವಣೆಯಿಂದ ತಮಗೆ ರಕ್ಷಣೆ ನೀಡುವ ಹೊಣೆಯನ್ನು ನೆದರ್‌ಲೆಂಡ್ಸ್ ಸರ್ಕಾರ ಹೊರಬೇಕೆಂದು ಕೇಳಿದರು.

ಹಾಗಾದರೆ ಮುಳುಗುವುದನ್ನೇ ನಿಲ್ಲಿಸಬೇಕೇ? ಅಲ್ಲ. ಕಂಡವರಿಲ್ಲದಿದ್ದರೆ ಹವಳದ ಸಾವು ಸುದ್ದಿಯೂ ಆಗುತ್ತಿರಲಿಲ್ಲ. ಶುಲ್ಕವಿಲ್ಲದಿದ್ದರೆ ಕಾವಲೂ ಇರುತ್ತಿರಲಿಲ್ಲ. ನಮ್ಮ ತಕರಾರು ಶುಲ್ಕವನ್ನೇ ಸಂರಕ್ಷಣೆಯೆಂದು ನಂಬಿಸುವುದರ ಬಗ್ಗೆ. ತಾಣದ ತಾಳಿಕೆಗೆ ತಕ್ಕಂತೆ ಜನರ ಸಂಖ್ಯೆಗೆ ಮಿತಿ ಬೇಕು. ಕೊಳಚೆ ಶುದ್ಧೀಕರಣದ ವ್ಯವಸ್ಥೆ ಮೊದಲು, ಹೋಟೆಲಿನ ಪರವಾನಗಿ ಆಮೇಲೆ. ಆಡಿಗೆ ಬೇಲಿ, ನೆಲಕ್ಕೆ ಹಸಿರು. ಇವೆಲ್ಲದರ ಜೊತೆಗೆ ಶ್ರೀಮಂತ ದೇಶಗಳು ಹೊಗೆಗೆ ಲಗಾಮು ಹಾಕಬೇಕು.

ಗುಡ್ಡದ ಮೇಲಿರುವ ನಮಗೆ ಈ ಕಡಲ ಮಾತೇಕೆ ಎಂದು ಕೇಳುವವರಿದ್ದಾರೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ, ಅದನ್ನು ನೋಡಲು ಮುಳುಗುವವರೂ ಇದ್ದಾರೆ. ಘಟ್ಟದ ಮಣ್ಣು ಹೊತ್ತ ಹೊಳೆಗಳು ಸೇರುವುದು ಅದೇ ಅರಬ್ಬಿ ಸಮುದ್ರವನ್ನು. ಆದ್ದರಿಂದ ನಾಳೆ ನಿಮ್ಮೂರಿನ ಗುಡ್ಡಕ್ಕೋ ಜಲಪಾತಕ್ಕೋ ಪ್ರವಾಸೋದ್ಯಮದ ಯೋಜನೆ ಬಂದಾಗ ಟಿಕೆಟ್ಟಿನ ಆದಾಯವೆಷ್ಟು ಎಂದಷ್ಟೇ ಕೇಳಬೇಡಿ. ಎಷ್ಟು ಜನ ಬರುತ್ತಾರೆ, ಅವರ ಕೊಳಚೆ ಎಲ್ಲಿಗೆ ಹೋಗುತ್ತದೆ, ಕಡಿದ ಗುಡ್ಡದ ಮಣ್ಣು ಎಲ್ಲಿಗಿಳಿಯುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಬೇಡಿ.