ಸಿಹಿ ವೈನ್ ಕೇಳೋಕೆ ನಾಚಿಕೆ ಯಾಕೆ?

ಡಿಸೆಂಬರ್ ಬಂತೆಂದರೆ ಗೆಳೆಯರಿಂದ ಒಂದು ಫೋನ್ ಖಾಯಂ. 'ಮನೆಗೆ ಅಕ್ಕ, ಭಾವ ಬರ್ತಿದ್ದಾರೆ. ಕುಡಿಯೋರಲ್ಲ, ಆದ್ರೆ ವರ್ಷದ ಕೊನೆ, ಸ್ವಲ್ಪ ವೈನ್ ಇರಲಿ ಅಂತಾರೆ. ಯಾವುದು ತರಲಿ? ಜಾಸ್ತಿ ದುಡ್ಡು ಹಾಕೋಕಾಗಲ್ಲ.' ದ್ರಾಕ್ಷಿ ಬೆಳೆಯುವ ಜಿಲ್ಲೆಯ ವರದಿಗಾರನಿಗೆ ವೈನ್ ಕೂಡ ಗೊತ್ತಿರಲೇಬೇಕು ಎಂಬುದು ಅವರ ಲೆಕ್ಕ. ನನ್ನ ಉತ್ತರ ಪ್ರತಿ ವರ್ಷ ಒಂದೇ. ನಮ್ಮ ನೀಲಿ ದ್ರಾಕ್ಷಿಯ, ಸಿಹಿಯಾದ, ಅಗ್ಗದ ಕೆಂಪು ವೈನ್ ತನ್ನಿ, ಆದರೆ ಅದನ್ನು ಜ್ಯೂಸ್ ಥರ ಕುಡಿಸಬೇಡಿ. ಮೊದಲ ಮಾತಿಗೆ ವೈನ್ ಬಲ್ಲವರು ನಗುತ್ತಾರೆ. ಎರಡನೇ ಮಾತನ್ನು ಕೇಳಿದವರೇ ಮರೆಯುತ್ತಾರೆ.

ನಗುವವರ ವಿಷಯ ಮೊದಲು ಮುಗಿಸೋಣ. 'ನಿಜವಾದ ವೈನ್ ಅಂದ್ರೆ ಡ್ರೈ, ಸಿಹಿ ವೈನ್ ಗೊತ್ತಿಲ್ಲದವರು ಕುಡಿಯೋದು' ಎಂಬ ಮಾತು ಬೆಂಗಳೂರಿನ ಹೋಟೆಲುಗಳಿಂದ ನಮ್ಮ ತಾಲ್ಲೂಕುಗಳಿಗೂ ಬಂದಿದೆ. ಅದನ್ನು ನಂಬಿ ಸಾವಿರ ರೂಪಾಯಿ ಕೊಟ್ಟು ಕ್ಯಾಬರ್ನೆ ತಂದವರ ಮನೆಯಲ್ಲಿ ಏನಾಗುತ್ತದೆ? ಎಲ್ಲರೂ ಒಂದು ಗುಟುಕು ಕುಡಿದು ಮುಖ ಹಿಂಡುತ್ತಾರೆ, ಉಳಿದದ್ದು ಸಿಂಕಿಗೆ. ವೈನ್ ಕೆಟ್ಟದ್ದು ಅಂತಲ್ಲ. ಆ ಜಾತಿಯ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್‌ಗೆ ಕನ್ನಡದಲ್ಲಿ ಚೆಂದದ ಪದವಿದೆ: ಒಗರು. ಹಸಿ ಅಡಿಕೆ, ಬಾಳೆಕಾಯಿ ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ಅದೇ. ವಾರಕ್ಕೆರಡು ಸಲ ವೈನ್ ಕುಡಿಯುವವನಿಗೆ ಆ ಒಗರು ರುಚಿಸಬಹುದು. ವರ್ಷಕ್ಕೊಮ್ಮೆ ಕುಡಿಯುವ ಅಕ್ಕನಿಗೆ ಯಾಕೆ ರುಚಿಸಬೇಕು? ಅದರ ಮೇಲೆ ನಮ್ಮ ಊಟ ಖಾರ. ಒಗರು, ಖಾರ ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಸಿಹಿ ಆ ಉರಿಯನ್ನು ತಗ್ಗಿಸುತ್ತದೆ. ನಾಟಿಕೋಳಿ ಸಾರು, ಖಾರದ ಕಡಲೆಬೀಜದ ಪಕ್ಕ ತಣ್ಣಗಿನ ಸಿಹಿ ವೈನ್ ಚೆನ್ನಾಗಿಯೇ ಹೊಂದುತ್ತದೆ.

ಇನ್ನು ನಮ್ಮ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಚಪ್ಪರದಲ್ಲಿ ಬೆಳೆಯುವ 'ಬೆಂಗಳೂರು ಬ್ಲೂ'ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಫ್ರಾನ್ಸಿನ ವೈನ್ ದ್ರಾಕ್ಷಿಗಳ ಕುಲ ಇದಲ್ಲ, ಅಮೆರಿಕ ಮೂಲದ ಲಬ್ರುಸ್ಕಾ ಕುಲ. ಬಾಕ್ಸ್ ತೆಗೆದರೆ ಮನೆಯೆಲ್ಲ ಹರಡುವ ಆ ಘಮ ಅದರದ್ದೇ. ವೈನ್ ಪಂಡಿತರು ಈ ಘಮವನ್ನು ದೋಷ ಎನ್ನುತ್ತಾರೆ. ಆದರೆ ಅಪರೂಪಕ್ಕೆ ಕುಡಿಯುವವನು ಗ್ಲಾಸ್ ಮೂಸಿದಾಗ ದ್ರಾಕ್ಷಿಯ ವಾಸನೆಯನ್ನೇ ನಿರೀಕ್ಷಿಸುತ್ತಾನೆ, ಈ ವೈನ್ ಅದನ್ನು ಕೊಡುತ್ತದೆ. ಕರ್ನಾಟಕದ ಹಲವು ಅಗ್ಗದ 'ಪೋರ್ಟ್'ಗಳಲ್ಲಿ ಇರುವುದು ಈ ದ್ರಾಕ್ಷಿಯೇ.

ಪೋರ್ಟ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಅಸಲಿ ಪೋರ್ಟ್ ಪೋರ್ಚುಗಲ್‌ನ ಡೌರೋ ಕಣಿವೆಯದು. ಹುದುಗುತ್ತಿರುವ ರಸಕ್ಕೆ ನಡುವೆಯೇ ದ್ರಾಕ್ಷಿಯ ಸ್ಪಿರಿಟ್ ಸುರಿದರೆ ಯೀಸ್ಟ್ ಸಾಯುತ್ತದೆ, ಅದು ತಿನ್ನದೆ ಬಿಟ್ಟ ಸಕ್ಕರೆ ಹಾಗೇ ಉಳಿಯುತ್ತದೆ. ಹಾಗಾಗಿ ಸಿಹಿಯೂ ಹೆಚ್ಚು, ಮದ್ಯಸಾರವೂ ಸುಮಾರು ಶೇ 20. ನಮ್ಮಲ್ಲಿ ಪೋರ್ಟ್ ಅಂದರೆ ಸಿಹಿ ಕೆಂಪು ವೈನ್ ಅಂತಷ್ಟೇ ಅರ್ಥ. ಕೆಲವಕ್ಕೆ ಸ್ಪಿರಿಟ್ ಸೇರಿರುತ್ತದೆ, ಕೆಲವಕ್ಕೆ ಹುದುಗಿದ ಮೇಲೆ ಸಿಹಿ ಸೇರಿಸಿರುತ್ತಾರೆ. ಹೆಸರು ಒಂದೇ ಆದರೂ ಬಲ ಬೇರೆ ಬೇರೆ. ಅದಕ್ಕೇ ಬಾಟಲಿಯ ಮುಂದಿನ ಚಿತ್ರ ಬಿಟ್ಟು ಹಿಂದಿನ ಚಿಕ್ಕ ಅಕ್ಷರ ಓದಿ. ಮದ್ಯಸಾರ ಶೇ 11ರಿಂದ 13ರೊಳಗೆ ಇದ್ದರೆ ಅಪರೂಪದವರಿಗೆ ಅದೇ ಸಾಕು. 15 ದಾಟಿದ್ದರೆ ಗ್ಲಾಸ್ ಚಿಕ್ಕದಾಗಲಿ. 'ಡ್ರೈ' ಎಂದಿದ್ದರೆ ವಾಪಸ್ ಇಡಿ, 'ಸ್ವೀಟ್' ಎಂದಿದ್ದರೆ ತೊಗೊಳ್ಳಿ. ಕೆಂಪು ಇಷ್ಟವಿಲ್ಲದವರಿಗೆ, ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದವರಿಗೆ, ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಇದೆ. ಅದರಲ್ಲಿ ತುಸು ಸಿಹಿ ಉಳಿಸಿದ ಬಗೆಗಳು ಸಿಗುತ್ತವೆ, ಒಗರು ಇಲ್ಲವೆನ್ನುವಷ್ಟು ಕಡಿಮೆ.

ಈಗ ಎಲ್ಲರೂ ಮರೆಯುವ ಎರಡನೇ ಮಾತು. ಲೆಕ್ಕ ಸರಳ. ನಮ್ಮ ವಿಸ್ಕಿ, ಬ್ರಾಂದಿಗಳಲ್ಲಿ ಮದ್ಯಸಾರ ಶೇ 42.8. ಅರವತ್ತು ಎಂ.ಎಲ್. ಪೆಗ್ ಒಂದರಲ್ಲಿ ಸುಮಾರು 26 ಮಿ.ಲೀ. ಶುದ್ಧ ಮದ್ಯಸಾರ. ಶೇ 13ರ ವೈನ್ ಅನ್ನು ಮನೆಯ 200 ಮಿ.ಲೀ. ಲೋಟಕ್ಕೆ ತುಂಬಿಸಿದರೆ ಅದರಲ್ಲಿರುವುದೂ 26 ಮಿ.ಲೀ. ಅಂದರೆ 'ನಾನು ಕುಡಿಯಲ್ಲಪ್ಪ, ಬರೀ ವೈನ್' ಎಂದು ಒಂದು ಲೋಟ ಮುಗಿಸಿದ ದೊಡ್ಡಮ್ಮ, ಎದುರಿಗೆ ಕೂತು ಪೆಗ್ ಮುಗಿಸಿದ ದೊಡ್ಡಪ್ಪನಷ್ಟೇ ಕುಡಿದಿದ್ದಾರೆ. ಅವರ ಮೈಗೆ ಅಭ್ಯಾಸವೂ ಇಲ್ಲ. ಸಿಹಿ ಇರುವುದರಿಂದ ಬೇಗ ಇಳಿಯುತ್ತದೆ, ಎರಡನೇ ಲೋಟಕ್ಕೆ ಕೈ ತಾನಾಗಿ ಹೋಗುತ್ತದೆ. ಸಿಹಿ ವೈನ್ ಮೇಲೆ ನನ್ನ ತಕರಾರು ಇದೊಂದೇ, ಅದು ಚಿಕ್ಕದಲ್ಲ. ಟೀ ಕುಡಿಯುವ ಸಣ್ಣ ಗ್ಲಾಸಿನಲ್ಲಿ ಕೊಡಿ. ಸಮಕ್ಕೆ ಸಮ ಸೋಡಾ ಬೆರೆಸಿ ನಿಂಬೆಹಣ್ಣು ಹಿಂಡಿದರೆ ಇನ್ನೂ ಒಳ್ಳೆಯದು. ಪಂಡಿತರು ಅದಕ್ಕೂ ಮೂಗು ಮುರಿಯುತ್ತಾರೆ, ಮುರಿಯಲಿ.

'ವೈನ್ ಕುಡಿದರೆ ರಕ್ತ ಆಗುತ್ತೆ' ಎಂಬ ನಂಬಿಕೆ ಇದಕ್ಕಿಂತ ಕೆಟ್ಟದ್ದು. ಬಣ್ಣ ಕೆಂಪಾದ ಮಾತ್ರಕ್ಕೆ ಅದು ರಕ್ತ ಆಗುವುದಿಲ್ಲ. ಕೆಲವು ಮನೆಗಳಲ್ಲಿ ಬಾಣಂತಿಗೆ, ನೆಗಡಿಯಾದ ಮಗುವಿಗೆ ಚಮಚದಲ್ಲಿ ವೈನ್ ಅಥವಾ ಬ್ರಾಂದಿ ಕೊಡುವುದು ಈಗಲೂ ಇದೆ. ತಾಯಿ ಕುಡಿದ ಮದ್ಯಸಾರ ಎದೆಹಾಲಿಗೂ ಹೋಗುತ್ತದೆ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಬ್ಬಕ್ಕೆ ಖುಷಿಗೆ ಕುಡಿಯುತ್ತೇವೆ ಅಂದರೆ ಒಪ್ಪುತ್ತೇನೆ. ಔಷಧಿ ಅನ್ನಬೇಡಿ. ಸಕ್ಕರೆ ಕಾಯಿಲೆಯವರಿಗಂತೂ ಇದು ಎರಡು ಕಡೆಯಿಂದ ತೊಂದರೆ: ಲೀಟರಿಗೆ 80 ಗ್ರಾಂ ಸಕ್ಕರೆ ಇರುವ ವೈನ್ ಆದರೆ 100 ಮಿ.ಲೀ.ನಲ್ಲೇ ಎರಡು ಟೀ ಚಮಚ ಸಕ್ಕರೆ. ಬೈಕಿನಲ್ಲಿ ಊರಿಗೆ ವಾಪಸ್ ಹೋಗುವವರಿಗೂ ಕೊಡಬೇಡಿ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. 'ಬರೀ ವೈನ್ ಸಾರ್' ಅಂದರೆ ಪೊಲೀಸರ ಮೆಷಿನ್ ಕೇಳಲ್ಲ.

ಕೊಳ್ಳುವುದೆಲ್ಲಿ? ನಮ್ಮ ರಾಜ್ಯದ ತಮಾಷೆ ಇದು. ಬೀದಿಗೊಂದು 'ವೈನ್ಸ್' ಬೋರ್ಡಿದೆ, ಒಳಗೆ ಹೋಗಿ ವೈನ್ ಕೇಳಿದರೆ ಅಂಗಡಿಯ ಹುಡುಗ ಮುಖ ನೋಡುತ್ತಾನೆ. ಮೂಲೆಯಲ್ಲಿ ಧೂಳು ಹಿಡಿದ ಎರಡು ಬಾಟಲಿ ಒರೆಸಿ ಕೊಡುತ್ತಾನೆ. ಬಿಸಿಲು ಬೀಳುವ ಶೆಲ್ಫಿನಲ್ಲಿ ನಿಂತದ್ದು ಬೇಡ, ಪ್ಯಾಕ್ ಆದ ತಾರೀಖು ನೋಡಿ, ಹೊಸದನ್ನು ಕೇಳಿ. ಅಗ್ಗದ ಸಿಹಿ ವೈನ್ ವರ್ಷಗಟ್ಟಲೆ ಇಟ್ಟರೆ ಉತ್ತಮವಾಗುವ ಜಾತಿಯದ್ದಲ್ಲ. ದ್ರಾಕ್ಷಾರಸ ನೀತಿ ಬಂದದ್ದು 2007ರಲ್ಲಿ, ವೈನಿಗೇ ಬೇರೆ ಮಳಿಗೆ ಎಂಬ ಮಾತೂ ಆಗಲೇ ಬಂತು. ನಮ್ಮ ತಾಲ್ಲೂಕು ಊರುಗಳಲ್ಲಿ ಅವು ಕಣ್ಣಿಗೆ ಬೀಳುವುದೇ ಅಪರೂಪ. ಹೆಣ್ಣುಮಕ್ಕಳು ವಿಸ್ಕಿ ಕೌಂಟರಿನ ಗಂಡಸರ ಗುಂಪಿನಲ್ಲಿ ನುಗ್ಗಿ ಕೇಳಬೇಕು, ಇಲ್ಲವೇ ಅಣ್ಣತಮ್ಮಂದಿರನ್ನು ಕಳಿಸಬೇಕು. ಕಳಿಸಿದವರು ಅವರಿಗೆ ಬೇಕಾದ್ದನ್ನು ತರುತ್ತಾರೆ.

ನೀಲಿ ದ್ರಾಕ್ಷಿ ಬೆಳೆಯುವವರ ಕಡೆಯಿಂದಲೂ ನೋಡಬೇಕು. ವರ್ಷಕ್ಕೆ ಎರಡು ಬೆಳೆ, ಹಣ್ಣು ಕೊಯ್ದ ಮೇಲೆ ಕಾಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿ ಚಪ್ಪರದಲ್ಲೇ ಗೊಂಚಲು ಕೊಳೆತದ್ದನ್ನು ಈ ಭಾಗದ ವರದಿಗಾರರೆಲ್ಲ ನೋಡಿದ್ದೇವೆ. ತಿನ್ನುವ ಮಾರುಕಟ್ಟೆ ಕೈಕೊಟ್ಟಾಗ ಉಳಿಯುವ ದಾರಿ ಜ್ಯೂಸ್, ವೈನ್ ಎರಡೇ. 'ಪೋರ್ಟಾ? ಛೀ' ಎನ್ನುವವರು ಬೇಡ ಅನ್ನುತ್ತಿರುವುದು ಈ ಹಣ್ಣನ್ನೂ. ಹಾಗಂತ ರೈತರನ್ನು ಉಳಿಸಲು ಕುಡಿಯಿರಿ ಎನ್ನುವಷ್ಟು ಮೂರ್ಖ ನಾನಲ್ಲ. ಕುಡಿಯದವರಿಗೆ ಅದೇ ದ್ರಾಕ್ಷಿಯ ಜ್ಯೂಸ್ ಪಕ್ಕದಲ್ಲೇ ಇಡಿ, ಒತ್ತಾಯ ಬೇಡ.

ಬಾಟಲಿ ದೊಡ್ಡದು ಬೇಡ, ನಾಲ್ಕು ಜನಕ್ಕೆ 375 ಮಿ.ಲೀ. ಸಿಕ್ಕರೆ ಸಾಕು. ತಿರುಗಿಸಿ ತೆಗೆಯುವ ಮುಚ್ಚಳದ್ದನ್ನೇ ಕೇಳಿ, ಬಿರಡೆ ಕೀಳುವ ಸಾಧನ ಯಾರ ಮನೆಯಲ್ಲಿದೆ? ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟು ಊಟದ ಜೊತೆ ಕೊಡಿ, ಹಸಿದ ಹೊಟ್ಟೆಗೆ ಬೇಡ. ಉಳಿದರೆ ಮುಚ್ಚಳ ಬಿಗಿ ಮಾಡಿ ಮತ್ತೆ ಫ್ರಿಜ್ಜಿಗೆ, ಮಕ್ಕಳ ಕೈಗೆ ಸಿಗದ ಮೇಲಿನ ತಟ್ಟೆಯಲ್ಲಿ. ಬಣ್ಣ ನೋಡಿ ರಸ್ನಾ ಅಂದುಕೊಳ್ಳುತ್ತವೆ.