ಜಿಗಿಯುವ ಮುನ್ನ ಕೇಳಬೇಕಾದ ಮಾತು



ಮಾಲೂರಿನಿಂದ ರೈಲು ಹಿಡಿದು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬಸ್ಸು ಹತ್ತಿ ನಮ್ಮ ಮಕ್ಕಳು ಓದಲು, ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲೊಬ್ಬರು ಒಂದು ದಿನ ಫೋನ್ ಮಾಡಿ, "ಅಮ್ಮಿ, ಭಾನುವಾರ ಗೆಳೆಯರ ಜೊತೆ ಸ್ಕೈಡೈವಿಂಗ್‌ಗೆ ಹೋಗುತ್ತಿದ್ದೇನೆ, ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವುದು" ಎಂದರೆ ನೀವೇನು ಹೇಳುತ್ತೀರಿ? ಗದರಿಸಿದರೆ ಮುಂದಿನ ಸಲ ಹೇಳದೆಯೇ ಹೋಗುತ್ತಾರೆ. ಹೂಂ ಎಂದು ಸುಮ್ಮನಾದರೆ ನಿಮಗೆ ನಿದ್ದೆ ಹತ್ತುವುದಿಲ್ಲ. ಇವೆರಡಕ್ಕಿಂತ, ಕೇಳಬೇಕಾದದ್ದನ್ನು ಕೇಳುವುದೇ ಮೇಲು.

ನಿಮ್ಮ ಭಯ ಸುಳ್ಳಲ್ಲ. 2014ರ ಮೇ ತಿಂಗಳಲ್ಲಿ ಬೆಂಗಳೂರಿನ ಯುವತಿಯೊಬ್ಬಳು ತಮಿಳುನಾಡಿನ ಸೇಲಂನಲ್ಲಿ ಹೀಗೆ ಜಿಗಿದಾಗ ಪ್ಯಾರಾಶೂಟ್ ಸರಿಯಾಗಿ ತೆರೆದುಕೊಳ್ಳದೆ ಪ್ರಾಣ ಕಳೆದುಕೊಂಡಳು. ಆದರೆ ಅಮೆರಿಕದಲ್ಲಿ 2023ರಲ್ಲಿ ನಡೆದ ಸುಮಾರು 36 ಲಕ್ಷ ಜಿಗಿತಗಳಲ್ಲಿ ಸತ್ತವರು 10 ಮಂದಿ. ಅಲ್ಲಿಯವರ ಅದೃಷ್ಟ ದೊಡ್ಡದೆಂದಲ್ಲ. ಅಲ್ಲಿ ನಿಯಮಗಳಿವೆ, ಅವುಗಳ ಪಾಲನೆಯೂ ಇದೆ.

ಹೊಸಬರನ್ನು ಸಾಮಾನ್ಯವಾಗಿ ತರಬೇತುದಾರನ ಮೈಗೆ ಪಟ್ಟಿಗಳಿಂದ ಬಿಗಿದು ಜೊತೆಯಾಗಿ ಇಳಿಸುತ್ತಾರೆ. ಬೆನ್ನಿನ ಚೀಲದಲ್ಲಿ ಎರಡು ಪ್ಯಾರಾಶೂಟ್‌ಗಳಿರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು. ತರಬೇತುದಾರನಿಗೆ ಎಚ್ಚರ ತಪ್ಪಿದರೂ ನಿಗದಿತ ಎತ್ತರದಲ್ಲಿ ಎರಡನೆಯದನ್ನು ತಾನಾಗಿ ಬಿಚ್ಚುವ ಪುಟ್ಟ ಯಂತ್ರವೂ ಇರುತ್ತದೆ. ಅಮೆರಿಕದ ನಿಯಮದಂತೆ ಜೋಡಿ ಜಿಗಿತಕ್ಕೆ ಈ ಯಂತ್ರ ಕಡ್ಡಾಯ. ಈಗಿನ ನೈಲಾನ್ ಪ್ಯಾರಾಶೂಟಾದರೆ ಎರಡನೆಯದನ್ನು ಪರವಾನಗಿ ಪಡೆದವರೇ 180 ದಿನಗಳೊಳಗೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿಟ್ಟಿರಬೇಕು. ತರಬೇತುದಾರನಿಗೆ ಕನಿಷ್ಠ 3 ವರ್ಷಗಳ ಅನುಭವ, 500 ಜಿಗಿತಗಳು ಆಗಿರಬೇಕು.

ನಮ್ಮ ದೇಶದಲ್ಲೂ ಯಾರು ಬೇಕಾದರೂ ವಿಮಾನದಿಂದ ಜನರನ್ನು ಇಳಿಸುವಂತಿಲ್ಲ. ತುರ್ತು ಸಂದರ್ಭವೊಂದನ್ನು ಬಿಟ್ಟರೆ ಪ್ಯಾರಾಶೂಟ್ ಜಿಗಿತಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಬೇಕು.

ಆದ್ದರಿಂದ ಮಗನಾಗಲಿ ಮಗಳಾಗಲಿ, ಹಣ ಕಟ್ಟುವ ಮೊದಲೇ ಇಷ್ಟನ್ನು ವಿಚಾರಿಸಿಕೊಳ್ಳಲು ಹೇಳಿ. ಈ ಜಾಗಕ್ಕೆ, ಈ ವಿಮಾನಕ್ಕೆ ಅನುಮತಿ ಪತ್ರ ಇದೆಯೇ? ತರಬೇತುದಾರನ ಪರವಾನಗಿ ಯಾರು ಕೊಟ್ಟದ್ದು? ಎರಡನೆಯ ಪ್ಯಾರಾಶೂಟನ್ನು ಮಡಚಿದ ದಿನಾಂಕ ಯಾವುದು? ತಾನಾಗಿ ಬಿಚ್ಚುವ ಯಂತ್ರ ಇದೆಯೇ? ಗಾಳಿ ಜೋರಾದರೆ, ಮೋಡ ಕವಿದರೆ ಜಿಗಿತ ನಿಲ್ಲಿಸಿ ಹಣ ಹಿಂದಿರುಗಿಸುತ್ತಾರೆಯೇ? ಈ ಕೊನೆಯ ಪ್ರಶ್ನೆಯನ್ನು ಸಣ್ಣದೆಂದು ಬಿಡಬೇಡಿ. ಹಣ ಹೋಗುತ್ತದೆಂಬ ಚಿಂತೆಯಲ್ಲೇ ಎಷ್ಟೋ ಜನ ಬೇಡದ ದಿನ ಜಿಗಿಯಲು ಒಪ್ಪಿಬಿಡುತ್ತಾರೆ.

ಇನ್ನೊಂದು ಮಾತು. ಜಿಗಿಯುವ ಮುಂಚೆ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬುದು ಅದರ ಸಾರ. ಸರತಿಯಲ್ಲಿ ನಿಂತು ಅದನ್ನು ಓದಲು ಯಾರಿಗೂ ವ್ಯವಧಾನವಿರುವುದಿಲ್ಲ. ಹಿಂದಿನ ದಿನವೇ ತರಿಸಿಕೊಂಡು ಮನೆಯಲ್ಲಿ ಎಲ್ಲರೂ ಕೂತು ಓದಿ. ವಿಮೆ ಇದೆಯೇ, ನೋಡಿ.

ನಿಯಮ ಪಾಲಿಸುವವರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ, ಕಾಗದಗಳನ್ನು ತಂದು ತೋರಿಸುತ್ತಾರೆ. "ಅದೆಲ್ಲ ನಿಮಗೇಕೆ, ನಮ್ಮ ಮೇಲೆ ನಂಬಿಕೆಯಿಲ್ಲವೇ?" ಎನ್ನುವವರಾದರೆ, ಅಲ್ಲಿಂದ ಹಿಂತಿರುಗುವಂತೆ ಮಕ್ಕಳಿಗೆ ಮೊದಲೇ ಹೇಳಿಡಿ. ಗೆಳೆಯರು ನಕ್ಕರೆ ನಗಲಿ, ಮಕ್ಕಳು ಕ್ಷೇಮವಾಗಿ ಮನೆಗೆ ಬರಲಿ.