ಪ್ರತಿಕೂಲವೇ ಅನುಕೂಲವಾದ ಬಗೆ



ಕಳೆದ ತಿಂಗಳು ನೆರೆಮನೆಯ ಬಾಲಕನೊಬ್ಬನು ಬಂದು, “ಮೇಷ್ಟರೇ, ವಿಮಾನವು ಎದುರುಗಾಳಿಗೆ ಮುಖಮಾಡಿ ಇಳಿಯುವುದೇಕೆ?” ಎಂದು ಕೇಳಿದನು. ಪ್ರತಿಕೂಲವಾದುದನ್ನು ಬೇಕೆಂದು ಯಾರು ಬಯಸಿಯಾರು ಎಂದು ನಾವು ಅವನ ಮಾತನ್ನೇ ಅಲ್ಲಗಳೆದೆವು. ಆಮೇಲೆ ವಿಚಾರಿಸಿ ನೋಡಲು, ತಪ್ಪು ನಮ್ಮದೇ ಆಗಿತ್ತು.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಮೇಲೆ ಹರಿಯುವ ಗಾಳಿಯ ವೇಗವೇ ಹೊರತು ನೆಲದ ಮೇಲಿನ ವೇಗವಲ್ಲ. 1903ನೆಯ ಇಸವಿ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಗ್ರಾಮದ ಸಮೀಪದ ಮರಳುದಿಬ್ಬಗಳಲ್ಲಿ ರೈಟ್ ಸೋದರರು ತಮ್ಮ ಯಂತ್ರವನ್ನು ಹಾರಿಸಿದಾಗ, ಗಂಟೆಗೆ 20 ಮೈಲಿಗೂ ಮಿಗಿಲಾದ ಗಾಳಿಯಿತ್ತು. ಆರ್ವಿಲ್ಲನು 12 ಸೆಕೆಂಡುಗಳಲ್ಲಿ ಕ್ರಮಿಸಿದುದು 120 ಅಡಿ, ಅಂದರೆ ಗಂಟೆಗೆ ಸುಮಾರು 7 ಮೈಲಿ ಮಾತ್ರ. ಎದುರುಗಾಳಿಯೂ ಕೂಡಿದುದರಿಂದ ರೆಕ್ಕೆಗಳಿಗೆ 30 ಮೈಲಿಯಷ್ಟು ವೇಗವು ದೊರೆಯಿತು. ಇಳಿಯುವಾಗಲೂ ಹಾಗೆಯೇ, ನೆಲದ ವೇಗವು ತಗ್ಗಿದಷ್ಟೂ ಆಘಾತವು ತಗ್ಗುವುದು.

ಆದರೆ ಗಾಳಿಯು ಸಮನಾಗಿ ಬೀಸಬೇಕಷ್ಟೆ. ಅದು ಒಮ್ಮೆ ರಭಸವಾಗಿ, ಮರುಕ್ಷಣವೇ ಮಂದವಾಗಿ ಬೀಸಿದರೆ, ರೆಕ್ಕೆಗಳ ಆಧಾರವು ಹಠಾತ್ತನೆ ಕುಂದುವುದು. ಅಂದಿನ ನಾಲ್ಕನೆಯ ಹಾರಾಟದಲ್ಲಿ ವಿಲ್ಬರನು 59 ಸೆಕೆಂಡುಗಳ ಕಾಲ 852 ಅಡಿ ಸಾಗಿದನು. ಕೊನೆಗೆ ಯಂತ್ರವು ಮೇಲಕ್ಕೂ ಕೆಳಕ್ಕೂ ತೂಗಾಡಿ ನೆಲಕ್ಕೆರಗಿತು. ಮುಂಭಾಗದ ಚುಕ್ಕಾಣಿಯ ಚೌಕಟ್ಟು ಮುರಿಯಿತು. ವಿಲ್ಬರನಿಗೆ ಅಪಾಯವಾಗಲಿಲ್ಲ.

ನಿಜವಾದ ವಿಪತ್ತು ಬಂದುದು ಅನಂತರ. ಯಂತ್ರವನ್ನು ಹೊತ್ತು ತಂದಿಳಿಸಿ ಎಲ್ಲರೂ ಮಾತನಾಡುತ್ತ ನಿಂತಿದ್ದಾಗ, ಬಿರುಗಾಳಿಯೊಂದು ಅದನ್ನೆತ್ತಿ ಉರುಳಿಸತೊಡಗಿತು. ಸಮುದ್ರತೀರದ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್ ಎಂಬಾತನು ಹಿಡಿದ ಕಂಬವನ್ನು ಬಿಡದೆ, ಯಂತ್ರದೊಳಗೇ ಸಿಕ್ಕಿ ಹೊರಳಿದನು. ದೈವವಶಾತ್ ಗಾಯಗಳೊಂದಿಗೆ ಪಾರಾದನು. ಆ ಯಂತ್ರವು ಮಾತ್ರ ಮತ್ತೆಂದೂ ಹಾರಲಿಲ್ಲ.

ಹಾರುವಾಗ ಎಲ್ಲರ ಕಣ್ಣೂ ಯಂತ್ರದ ಮೇಲಿತ್ತು. ಕಾರ್ಯವು ಮುಗಿಯಿತೆಂದಾಗ ಎಚ್ಚರವೂ ಸಡಿಲವಾಯಿತು. ರೆಕ್ಕೆಗಾದರೋ ನೆಲ, ಆಕಾಶ ಎಂಬ ಭೇದವಿಲ್ಲ. ಗಾಳಿ ಸಾಕಾದರೆ ಅದು ಏಳಲೇಬೇಕು. ಈಗಲೂ ಸಣ್ಣ ವಿಮಾನಗಳನ್ನು ನಿಲ್ಲಿಸಿದಲ್ಲಿ ಹಗ್ಗಗಳಿಂದ ನೆಲಕ್ಕೆ ಬಿಗಿಯುವುದು ಇದಕ್ಕಾಗಿಯೇ. ಅಟ್ಟದಿಂದಿಳಿಯುವವನು ಕಡೆಯ ಮೆಟ್ಟಿಲಲ್ಲಿ ಜಾರುವುದನ್ನು ಗೃಹಸ್ಥರಾದ ನಾವು ಕಾಣದವರೇನಲ್ಲ.

ಬಾಲಕನನ್ನು ಕರೆದು ನಮ್ಮ ತಪ್ಪನ್ನು ಒಪ್ಪಿಕೊಂಡು ಇದನ್ನೆಲ್ಲ ಹೇಳಿದೆವು. ಅವನು ಕ್ಷಣಕಾಲ ಯೋಚಿಸಿ, “ಹಾಗಾದರೆ ಗಾಳಿಪಟವೂ ಹೀಗೆಯೇ ಅಲ್ಲವೇ, ಮೇಷ್ಟರೇ?” ಎಂದನು. ಎಳೆಯಂದಿನಲ್ಲಿ ನಾವೂ ಪಟ ಹಾರಿಸಿದವರೇ. ಆ ದೃಷ್ಟಾಂತವು ನಮಗೆ ಮೊದಲೇ ಹೊಳೆಯಲಿಲ್ಲ.